ಅಕ್ಬರಿಯ ಸಾಮಾನು

ಪಕ್ಕದ ಕಟ್ಟಡದಲ್ಲಿ ಫ್ರಿಜ್ ಹೊತ್ತಿಕೊಂಡು ಒಂದು ಮನೆ ಪೂರ್ತಿ ಸುಟ್ಟುಹೋದ ಮೇಲೆ ಗಯಾಸ್ ತನ್ನ ಮನೆಗೂ ವಿಮೆ ಮಾಡಿಸಲು ಹೊರಟ. ವಿಮೆ ಏಜೆಂಟ್ ಗಿರಿ, ಗಯಾಸನ ಹೆಂಡತಿ ಸುಮೈರಾಳಿಗೆ ಫೋನಿನಲ್ಲಿ ಹೇಳಿದ: "ಮೇಡಂ, ಒಂದೊಂದು ರೂಮೂ ವಿಡಿಯೋ ಮಾಡ್ಬಿಡಿ. ಏನು ವಸ್ತು, ಯಾವಾಗ ತಗೊಂಡಿದ್ದು ಅಂತ ಬಾಯಲ್ಲೇ ಹೇಳ್ತಾ ಹೋಗಿ. ನಾಳೆ ಏನಾದ್ರೂ ಆದ್ರೆ ಅದೇ ಸಾಕ್ಷಿ."

ಸುಮೈರಾ ಮದುವೆಯಾಗಿ ಕೆಂಪಾಪುರದ ಈ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಗಯಾಸನ ಮೊದಲ ಹೆಂಡತಿ ಅಕ್ಬರಿ ಮೂರು ವರ್ಷದ ಹಿಂದೆ ಡೆಂಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಅವಳ ಫೋಟೋ ಗೋಡೆಯ ಮೇಲಿರಲಿಲ್ಲ. ಗಯಾಸ್ ಅವಳ ಹೆಸರನ್ನೂ ಎತ್ತುತ್ತಿರಲಿಲ್ಲ.

ಅವನು ಕೆಲಸಕ್ಕೆ ಹೋದ ಮೇಲೆ ಸುಮೈರಾ ಅಡುಗೆಮನೆಯಿಂದ ಶುರುಮಾಡಿದಳು. ಯಾವುದನ್ನು ಯಾವಾಗ ಕೊಂಡರೋ ಅವಳಿಗೇನು ಗೊತ್ತು? ಹಾಲ್‌ನಲ್ಲಿ ಜಪಮಣಿ ಎಣಿಸುತ್ತಾ ಕೂತಿದ್ದ ಅತ್ತೆ ಫಖ್ರುನ್ನೀಸಾರನ್ನು ಕೂಗಿ ಕೇಳಿದಳು.

"ಅಮ್ಮೀ, ಗ್ರೈಂಡರ್ ಯಾವಾಗಿಂದು?"

"ಅಕ್ಬರಿ ತರ್ಸಿದ್ದು."

"ಈ ತಾಮ್ರದ ಪಾತ್ರೆ?"

"ಅಕ್ಬರಿ ತವರಿಂದ ಬಂದಿದ್ದು."

ಮಂಚ, ಬೀರು, ಪರದೆ, ಎಲ್ಲಕ್ಕೂ ಅದೇ ಉತ್ತರ. ಕೊನೆಗೆ ಉಳಿದದ್ದು ಮೂಲೆಯ ಚಿಕ್ಕ ಕೋಣೆ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಕಾಲಿಟ್ಟರೆ ತಣ್ಣಗಿತ್ತು. ಹೊಲಿಗೆ ಯಂತ್ರದ ಸೂಜಿಯಲ್ಲಿ ಹಸಿರು ದಾರ ಪೋಣಿಸಿದಂತೆಯೇ ಇತ್ತು. ಯಾರೂ ಮುಟ್ಟದ ಯಂತ್ರದ ಮೇಲೆ ಒಂದಿಷ್ಟೂ ಧೂಳಿರಲಿಲ್ಲ. ಯಾರೋ ಭುಜದ ಹಿಂದೆ ನಿಂತು ಫೋನಿನೊಳಗೆ ಇಣುಕುತ್ತಿದ್ದಾರೆ ಎಂದು ಸುಮೈರಾಳಿಗೆ ಅನ್ನಿಸಿತು. "ಹೊಲಿಗೆ ಯಂತ್ರ. ಇದೂ ಅಕ್ಬರಿದು" ಎಂದವಳೇ ಹೊರಗೆ ಬಂದುಬಿಟ್ಟಳು.

ಸಂಜೆ ಗಂಡ ಹೆಂಡತಿ ಕೂತು ವಿಡಿಯೋ ನೋಡಿದರು. ಕೊನೆಯಲ್ಲಿ, ಸುಮೈರಾಳ ಮಾತು ಮುಗಿದ ಮೇಲೆ, ಇನ್ನೊಂದು ಹೆಣ್ಣುದನಿ ಮೆಲ್ಲಗೆ ಕೇಳಿತು:

"ಮತ್ತೆ ನಿಂದು ಯಾವ್ದು?"

ಗಯಾಸ್ ಅದನ್ನೇ ನಾಲ್ಕು ಸಲ ಹಾಕಿದ. 

"ಅಮ್ಮೀ ಮಾತಾಡಿರ್ಬೇಕು" ಎಂದಳು ಸುಮೈರಾ.

"ನಾನು ಆ ಕೋಣೆ ಹತ್ರನೂ ಬರ್ಲಿಲ್ಲ" ಎಂದರು ಫಖ್ರುನ್ನೀಸಾ ಬಾಗಿಲಲ್ಲಿ ನಿಂತು. "ಅದು ಅವಳೇ. ನಂಗೆ ದಿನಾ ಕೇಳ್ಸುತ್ತೆ. ನೀವು ನಂಬಲ್ಲ ಅಂತ ಹೇಳ್ಲಿಲ್ಲ."

ಸುಮೈರಾಳಿಗೆ ಭಯವಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ಸತ್ತವಳು ಕೇಳಿದ ಪ್ರಶ್ನೆಯನ್ನು ಬದುಕಿದ್ದವರು ಒಬ್ಬರೂ ಕೇಳಿರಲಿಲ್ಲ. ಎದ್ದು ಹೋಗಿ ಮಂಚದ ಕೆಳಗಿನಿಂದ ಎರಡು ಸೂಟ್‌ಕೇಸ್ ಎಳೆದಳು. "ಇವು. ಇವೆರಡೇ ನಂದು."

"ಬಟ್ಟೆ ಇನ್ನೂ ಇದ್ರಲ್ಲೇ ಇಟ್ಕೊಂಡಿದೀಯಾ? ಬೀರುವಲ್ಲಿ ಇಡ್ಬಾರ್ದಾ?" ಎಂದ ಗಯಾಸ್.

"ಜಾಗ ಎಲ್ಲಿದೆ, ನೀವೇ ನೋಡಿ."

ಗಯಾಸ್ ಬೀರು ತೆಗೆದ. ಮೇಲಿಂದ ಕೆಳಗಿನವರೆಗೂ ಅಕ್ಬರಿಯ ಸೀರೆ, ದುಪಟ್ಟಾ. ಅವನು ನೆಲದ ಮೇಲೆ ಕೂತು ಒಂದೊಂದನ್ನೇ ಮಡಿಸತೊಡಗಿದ. ಸ್ವಲ್ಪ ಹೊತ್ತಾದ ಮೇಲೆ, "ಅಕ್ಬರಿಗೆ ಹಸಿರು ಅಂದ್ರೆ ಇಷ್ಟ" ಎಂದ. ಅವನ ಬಾಯಲ್ಲಿ ಆ ಹೆಸರನ್ನು ಸುಮೈರಾ ಕೇಳಿದ್ದು ಅದೇ ಮೊದಲು. ಅವಳೂ ಪಕ್ಕದಲ್ಲಿ ಕೂತು ಮಡಿಸಲು ಕೈ ಹಾಕಿದಳು.

ಭಾನುವಾರ ಇಬ್ಬರೂ ಸೇರಿ ಹೊಸದಾಗಿ ವಿಡಿಯೋ ಮಾಡಿದರು. ಹೊಲಿಗೆ ಯಂತ್ರದ ಮುಂದೆ ಸುಮೈರಾ ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ವಿಡಿಯೋದಲ್ಲಿ ಈ ಸಲ ಬೇರೆ ದನಿ ಇರಲಿಲ್ಲ. ಗಿರಿ ಅದನ್ನು ನೋಡಿ ಸರಿಯಾಗಿದೆ ಎಂದ, ಕೆಲಸವೂ ಮುಗಿಯಿತು.

ತನ್ನ ಫೋನಿಗೂ ಹಾಕಿಕೊಂಡಿದ್ದ ಹಳೆಯ ವಿಡಿಯೋವನ್ನು ಗಯಾಸ್ ಅಳಿಸಲಿಲ್ಲ. ಒಂದು ಸಂಜೆ ಸುಮೈರಾ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದಾಗ ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಚೆ ಮುಖ ಮಾಡಿ ನಿಂತಿದ್ದ. ಹೆಬ್ಬಾಳದ ಕಡೆಯಿಂದ ಗಾಡಿಗಳ ಸದ್ದು ಒಂದೇ ಸಮನೆ ಬರುತ್ತಿತ್ತು. ಅವನ ಹೆಬ್ಬೆರಳು ಆ ವಿಡಿಯೋವನ್ನು ಮತ್ತೆ ಮತ್ತೆ ಕೊನೆಯ ಆ ದನಿಯ ಜಾಗಕ್ಕೇ ಹಿಂದೆ ಎಳೆಯುತ್ತಿತ್ತು. ಸುಮೈರಾ ಒಣಗಿದ ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ಒಳಗೆ ಬಂದು, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.