ಮೂವತ್ತನಾಲ್ಕು ಕೂಡಿಸಿ

"ಎಪ್ಪತ್ತೊಂದು," ಎಂದಳು ಮಗಳು, ಶುಗರ್ ಮೀಟರಿನ ಪುಟ್ಟ ಪರದೆಯನ್ನು ಕಿಟಕಿಯ ಬೆಳಕಿಗೆ ಹಿಡಿದು.

"ಅಂದ್ರೆ ನೂರೈದು," ಎಂದು ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬರೆದದ್ದು ನೂರೈದನ್ನೇ. ಎಪ್ಪತ್ತೊಂದು ಆ ಮನೆಯಲ್ಲಿ ಎಲ್ಲೂ ಉಳಿಯಲಿಲ್ಲ.

ಅಮ್ಮ ಚುಚ್ಚಿಸಿಕೊಂಡ ಬೆರಳನ್ನು ಹೆಬ್ಬೆರಳಿನಿಂದ ಒತ್ತಿಕೊಂಡು ಮೇಜಿನ ಮುಂದೆ ಕೂತಿದ್ದಳು. ಮೇಲ್ದುಟಿಯ ಮೇಲೆ ಬೆವರು ಸಣ್ಣಗೆ ಮೂಡಿತ್ತು. ಬೆಳಗಿನ ಏಳು ಗಂಟೆ, ಸೆಖೆ ಏರುವ ಹೊತ್ತೇನಲ್ಲ.

ಅಪ್ಪನದು ನಲವತ್ತು ವರ್ಷದ ಗಡಿಯಾರ ರಿಪೇರಿ. ಒಬ್ಬರಿಗೂ ಪಾಠ ಹೇಳಿಕೊಟ್ಟವರಲ್ಲ, ಆದರೂ ಬೀದಿಗೆಲ್ಲ ಅವರು ಗಡಿಯಾರದ ಮೇಷ್ಟ್ರು. ಎರಡು ತಿಂಗಳ ಹಿಂದೆ ಡಾಕ್ಟರು ಹೇಳಿದರೆಂದು ಮೀಟರನ್ನು ಲ್ಯಾಬಿಗೆ ಒಯ್ದಿದ್ದರು. ಅಮ್ಮನ ತೋಳಿನಿಂದ ತೆಗೆದ ರಕ್ತ ಇನ್ನೂರ ಹದಿನಾಲ್ಕು ಎಂದಿತು, ಅದೇ ಹೊತ್ತಿಗೆ ಬೆರಳಿನ ಹನಿ ಮೀಟರಿನಲ್ಲಿ ನೂರ ಎಂಬತ್ತು. "ಹಳೇದಾಯ್ತು, ಬೇರೆ ತಗೊಂಡ್ಬಿಡಿ," ಎಂದಳು ಲ್ಯಾಬಿನ ಹುಡುಗಿ.

ಅಪ್ಪ ನಕ್ಕಿದ್ದರು. "ಯಾವಾಗ್ಲೂ ಹತ್ತು ನಿಮಿಷ ಹಿಂದಿರೋ ಗಡಿಯಾರಾನ ಕೆಟ್ಟಿದೆ ಅನ್ನೋಕಾಗಲ್ಲಮ್ಮ. ಹತ್ತು ಕೂಡಿಸ್ಕೊಂಡ್ರೆ ಮುಗೀತು."

ಮನೆಗೆ ಬಂದವರೇ ತಮ್ಮ ಬೆರಳನ್ನೇ ಮೂರು ಸಲ ಚುಚ್ಚಿಕೊಂಡರು. ತೊಂಬತ್ತಾರು, ತೊಂಬತ್ತೇಳು, ತೊಂಬತ್ತಾರು. "ನೋಡಿದ್ಯಾ? ಮಾತು ತಪ್ಪಲ್ಲ ಇದು." ರಿಪೇರಿಗೆ ಬಂದ ಗಡಿಯಾರಗಳಿಗೆ ಅಂಟಿಸುವಂಥದೇ ಒಂದು ಚೀಟಿಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ಮೂವತ್ತನಾಲ್ಕು ಕೂಡಿಸಿ' ಎಂದು ಬರೆದು ಮೀಟರಿನ ಬೆನ್ನಿಗೆ ಅಂಟಿಸಿದರು.

ರಕ್ತದ ಹನಿ ಮುಟ್ಟಿಸುವ ಸ್ಟ್ರಿಪ್ಪಿನ ಡಬ್ಬಿಯೊಳಗೆ ಮಡಚಿಟ್ಟಿದ್ದ ಕಾಗದವನ್ನು ಮಗಳು ಪೂರ್ತಿ ಓದಿದ್ದಳು. ತಪ್ಪು ಯಾವಾಗಲೂ ಒಂದೇ ಅಳತೆಯದ್ದಲ್ಲ, ಶುಗರ್ ಏರಿದಾಗ ಒಂದು, ಇಳಿದಾಗ ಇನ್ನೊಂದು. ಪಾತ್ರೆ ತೊಳೆಯುವಾಗ ಅವಳು ಒಂದು ವಾಕ್ಯವನ್ನು ಎಷ್ಟೋ ಸಲ ತಯಾರು ಮಾಡಿಕೊಂಡಳು: ಅಪ್ಪ, ಇದು ಗಡಿಯಾರದ ಥರ ಅಲ್ಲ. ಕೈ ಒರೆಸಿಕೊಂಡು ಹೊರಗೆ ಬಂದರೆ, ಮಸೂರವನ್ನು ಹಣೆಗೇರಿಸಿಕೊಂಡು ಅಪ್ಪ ತಲೆಯೆತ್ತುತ್ತಿದ್ದರು, ವಾಕ್ಯ ಬಂದ ದಾರಿಯಲ್ಲೇ ವಾಪಸು ಹೋಗುತ್ತಿತ್ತು. ಒಮ್ಮೆ ಮಾತ್ರ, "ಹೊಸ ಮೀಟರ್ ತರೋಣ್ವಾ ಅಪ್ಪ?" ಎಂದಿದ್ದಳು.

"ಹಳೇದು ಅಂತ ಬಿಸಾಕೋದಾದ್ರೆ ಮೊದಲು ನನ್ನನ್ನ ಬಿಸಾಕು."

"ಬಿಸಾಕಿದ್ರೂ ಎತ್ಕೊಂಡು ಹೋಗೋರು ಯಾರು?" ಎಂದಳು ಅಮ್ಮ. ಮೂವರೂ ನಕ್ಕರು. ಮಾತು ಅಲ್ಲಿಗೆ ನಿಂತಿತು.

ಈಗ ಅಪ್ಪ ಇನ್ಸುಲಿನ್ನಿನ ಸೀಸೆಯನ್ನು ಅಂಗೈಗಳ ನಡುವೆ ಉರುಳಿಸುತ್ತಿದ್ದರು.

"ಅಮ್ಮ, ಬೆವರ್ತಿದ್ದೀಯಲ್ಲ."

"ಕೈಯೂ ಒಂಚೂರು ನಡುಗ್ತಿದೆ ಕಣೇ. ಆದ್ರೆ ನೂರೈದಿದೆಯಂತಲ್ಲ, ಏನಾಗಲ್ಲ ಬಿಡು."

ಸಿರಿಂಜಿನಲ್ಲಿ ಹದಿನೆಂಟು ಯೂನಿಟ್ಟು ಏರಿತು.

"ಅಪ್ಪ."

"ಏನು?"

"ಏನಿಲ್ಲ. ತಿಂಡಿ ಬೇಗ ತರ್ತೀನಿ."

ಇನ್ಸುಲಿನ್ ಚುಚ್ಚಿ ಆದ ಮೇಲೆ ಅವಳು ಅಡುಗೆಮನೆಯಲ್ಲಿ ಎರಡನೆಯ ಬ್ರೆಡ್ ತುಂಡನ್ನು ಕಾವಲಿಯ ಮೇಲೆ ಬಿಸಿ ಮಾಡುತ್ತಿದ್ದಳು. ಹೊರಗಿನಿಂದ ಅಮ್ಮನ ದನಿ ಕೇಳಿಸಿತು, ತೀರಾ ಚಿಕ್ಕ ಹುಡುಗಿಯ ದನಿಯಂತೆ. "ಅಕ್ಕಾ, ಇದನ್ನ ಎಲ್ಲಿಡಲಿ?"

ಅಮ್ಮನ ಕೈಯಲ್ಲಿ ಮೊದಲ ಬ್ರೆಡ್ ತುಂಡು ಹಾಗೇ ಇತ್ತು, ಕಚ್ಚಿಯೇ ಇರಲಿಲ್ಲ. ಅವಳು ಮಗಳನ್ನೇ ನೋಡುತ್ತ ಇನ್ನೊಮ್ಮೆ ಅಕ್ಕಾ ಎಂದಳು. ಮಗಳು ಓಡಿಹೋಗಿ ಲೋಟದ ನೀರಿಗೆ ಸಕ್ಕರೆ ಸುರಿದು ಕಲಕಿ ತಂದು ಗುಟುಕು ಗುಟುಕಾಗಿ ಕುಡಿಸಿದಳು. ಒಂದಿಷ್ಟು ಒಳಗೆ ಹೋಯಿತು, ಒಂದಿಷ್ಟು ಗದ್ದದಿಂದ ಇಳಿದು ರವಿಕೆ ನೆನೆಯಿತು. ಅಪ್ಪ ಅಷ್ಟರಲ್ಲಿ ಬೆರಳು ಚುಚ್ಚಿದ್ದರು.

"ನಲವತ್ಮೂರು," ಎಂದರು. ಅದೇ ಉಸಿರಿನಲ್ಲಿ, "ಅಂದ್ರೆ ಎಪ್ಪತ್ತೇಳು."

ಹೇಳಿದ ಮೇಲೆ ಅಮ್ಮನ ಮುಖ ನೋಡಿದರು. ಪೆನ್ನು ಕೈಯಲ್ಲಿದ್ದರೂ ಬರೆಯಲಿಲ್ಲ.

ಕಾಲು ಗಂಟೆಯ ನಂತರ ಅಮ್ಮನಿಗೆ ಮಗಳು ಮಗಳಾಗಿ ಕಂಡಳು. ರವಿಕೆ ಯಾಕೆ ಅಂಟಂಟಾಗಿದೆ ಎಂದು ಕೇಳಿದಳು. ಡಾಕ್ಟರು ಫೋನಿನಲ್ಲೇ ಡೋಸು ಇಳಿಸಿ, ಇವತ್ತೇ ಮೀಟರ್ ಬದಲಾಯಿಸಿ ಎಂದರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೋಗಿ ಹೊಸದನ್ನು ತಂದರು.

ಹಳೆಯದನ್ನು ಮಾತ್ರ ಬಿಸಾಡಲಿಲ್ಲ. ಮೂರು ದಿನ ಒಂದೇ ಹನಿಗೆ ಎರಡನ್ನೂ ಹಿಡಿದು ನೋಡಿದರು. ಮೊದಲ ದಿನ ಹದಿನೇಳು ವ್ಯತ್ಯಾಸ, ಮಾರನೆಯ ದಿನ ಎರಡೇ ಎರಡು, ಮೂರನೆಯ ದಿನ ಇಪ್ಪತ್ತೇಳು. ನೋಟ್‌ಬುಕ್ಕಿನಲ್ಲಿ ಆ ಮೂರನ್ನೂ ಒಂದರ ಕೆಳಗೊಂದು ಬರೆದರು. ಆಮೇಲೆ ಮಗಳನ್ನು ಕರೆದುಕೊಂಡು ಔಷಧಿ ಅಂಗಡಿಗೆ ಹೋದರು.

"ಹೊಸದು ಸರಿ ಇದೆ ಅಂತ ಹೇಗೆ ನಂಬೋದು?"

"ಮನೇಲಿಟ್ಕೊಳ್ಳೋ ಯಾವ ಮೀಟರೂ ಕರಾರುವಾಕ್ಕಾಗಿ ಹೇಳಲ್ಲ ಮೇಷ್ಟ್ರೇ," ಎಂದ ಅಂಗಡಿಯವನು. "ನೂರಕ್ಕೆ ಹತ್ತು ಹದಿನೈದು ಆಚೆ ಈಚೆ ಇದ್ದೇ ಇರುತ್ತೆ. ಅಷ್ಟಕ್ಕೆ ನಿಯಮದಲ್ಲೇ ಒಪ್ಪಿಗೆ ಇದೆ."

"ಆಚೆನೋ ಈಚೆನೋ?"

"ಅದನ್ನ ಹೇಳೋಕಾಗಲ್ಲ."

"ಮತ್ತೆ ಯಾವುದಕ್ಕೆ ಹೊಂದಿಸ್ಕೊಳ್ಳೋದಪ್ಪ?"

ಅಂಗಡಿಯವನು ಹಿಂದೆ ನಿಂತಿದ್ದವರ ಚೀಟಿಗೆ ಕೈ ಚಾಚಿದ. ವಾಪಸು ಬರುವಾಗ ಮಗಳು ತನ್ನ ಹಳೆಯ ವಾಕ್ಯವನ್ನು ನೆನೆಸಿಕೊಂಡಳು. ಈಗ ಅದನ್ನು ಹೇಳಿಯೂ ಉಪಯೋಗವಿರಲಿಲ್ಲ.

ಮಾರನೆಯ ಬೆಳಿಗ್ಗೆ ಹೊಸ ಮೀಟರು ಎಂಬತ್ತನಾಲ್ಕು ತೋರಿಸಿತು. ಅಪ್ಪ ಎಂಬತ್ತನಾಲ್ಕನ್ನೇ ಬರೆದರು. ಸಿರಿಂಜು ಎತ್ತಿಕೊಂಡರು, ಸೀಸೆ ಎತ್ತಿಕೊಂಡರು, ಎರಡನ್ನೂ ಮೇಜಿನ ಮೇಲಿಟ್ಟರು.

"ನಿನಗೆ ಹೇಗನ್ನಿಸ್ತಿದೆ?" ಎಂದರು ಅಮ್ಮನಿಗೆ. ಮಗಳಿಗೆ ನೆನಪಿರುವ ಮಟ್ಟಿಗೆ ಅವರು ಹಾಗೆ ಕೇಳಿದ್ದು ಅದೇ ಮೊದಲು.

ಅಮ್ಮ ಯೋಚಿಸಿದಳು. ತನ್ನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು.

"ನನಗೇನು ಗೊತ್ತಾಗುತ್ತೇರಿ? ನೀವು ನೋಡಿ ಹೇಳಬೇಕು."

ಅಪ್ಪ ಅವಳ ಮಣಿಕಟ್ಟನ್ನು ಹಿಡಿದುಕೊಂಡರು. ನಾಡಿ ಎಣಿಸಲಿಲ್ಲ. ಅಂಗಡಿಗೆ ಬಂದ ಗಡಿಯಾರವನ್ನು ಎತ್ತಿಕೊಳ್ಳುವಂತೆ ಮೆಲ್ಲಗೆ ಎತ್ತಿ ಕಿವಿಯ ಹತ್ತಿರ ತಂದು ಕಣ್ಣು ಮುಚ್ಚಿದರು. ಬಾಗಿಲಲ್ಲಿ ಸಕ್ಕರೆ ನೀರು ಕಲಕುತ್ತಿದ್ದ ಮಗಳು, ಸದ್ದಾಗದಂತೆ ಚಮಚವನ್ನು ಲೋಟದಲ್ಲೇ ನಿಲ್ಲಿಸಿದಳು.