ಕೆಂಪಿ ತಿಂದ ಸಂಕ್ರಾಂತಿ ಬಟ್ಟಲು

ಹಳೇ ಕಾಗದ ರುಬ್ಬಿ ಬಟ್ಟಲು, ಬುಟ್ಟಿ ಮಾಡುವುದರಲ್ಲಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಈ ಮೂರು ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ. ಹುಟ್ಟಿದ್ದರೂ ನಾಚಿಕೊಂಡು ಮನೆಯೊಳಗೇ ಇದ್ದಾರೆ. ನಾನು ಮಾಡಿದ ಬುಟ್ಟಿಯೊಂದರ ಮೇಲೆ ನಮ್ಮ ಮಲ್ಲಿಪಟ್ಟಣದ ಕಡೆ ಬಂದ ಕಾಡಾನೆ ಕಾಲಿಟ್ಟು, ಅದು ಮುರಿಯದಿದ್ದುದನ್ನು ಕಂಡು ಅವಮಾನ ತಾಳಲಾರದೆ ಕಾಡಿಗೆ ಹಿಂತಿರುಗಿದೆ. ನೋಡಿದವರಿದ್ದಾರೆ. ಅವರಲ್ಲಿ ನಾನೂ ಒಬ್ಬಳು. ಉಳಿದವರ ಹೆಸರು ಈಗ ನೆನಪಿಲ್ಲ.

ಅಂಥ ಸುಬ್ಬಮ್ಮನಿಗೆ, ಅಂದರೆ ನನಗೆ, ಸಂಕ್ರಾಂತಿ ಹತ್ತಿರ ಬಂದಾಗ ಬಾಗೂರಿನಿಂದ ಫೋನು ಬಂತು. ಮಾಡಿದವಳು ನನ್ನ ತಂಗಿಯ ಮಗಳು ಭಾನುಪ್ರಿಯಾ. ಕಳೆದ ಬೇಸಿಗೆಯಲ್ಲಿ ಮದುವೆಯಾಗಿ ಆ ಊರು ಸೇರಿದವಳು.

"ದೊಡ್ಡವ್ವ, ಬಾಯಿ ಬಿಟ್ಬುಟ್ಟೆ ಕಣವ್ವ. ಈಗ ಕೈ ಬೇಕು. ನಿನ್ ಕೈ."

ಸಂಗತಿ ಇಷ್ಟು. ಮದುವೆಯಾದ ಹೆಣ್ಣು ಮೊದಲ ಐದು ವರ್ಷ ಸಂಕ್ರಾಂತಿಗೆ ಬೀದಿಯ ಮನೆಮನೆಗೂ ಎಳ್ಳು ಬೀರಬೇಕು. ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಬಾಳೆಹಣ್ಣು, ಕಬ್ಬಿನ ತುಂಡು, ಜೊತೆಗೊಂದು ಉಡುಗೊರೆ. ಉಡುಗೊರೆ ಎಂದರೆ ಈಗೆಲ್ಲ ಪ್ಲಾಸ್ಟಿಕ್ ಡಬ್ಬಿ, ಇಲ್ಲವೇ ಸ್ಟೀಲ್ ಬಟ್ಟಲು. ಭಾನು ಅಟ್ಟ ಗುಡಿಸಲು ಹತ್ತಿದಾಗ ಊರವರ ಸಂಕ್ರಾಂತಿ ಡಬ್ಬಿಗಳೆಲ್ಲ ಅಲ್ಲಿ ರಾಶಿ ಬಿದ್ದಿದ್ದವಂತೆ, ಒಂದರ ಮುಚ್ಚಳ ಇನ್ನೊಂದಕ್ಕೆ ಕೂರದ ಹಾಗೆ. ಇಳಿದು ಬಂದವಳೇ ಅತ್ತೆ ನಂಜಮ್ಮನ ಎದುರು ನಿಂತು, "ನಾನು ಅಂಗಡಿಯಿಂದ ಏನೂ ತರಕಿಲ್ಲ ಅತ್ತೆ. ಮನೇಲಿ ಬಿಸಾಕೋ ಸಾಮಾನಲ್ಲೇ ಕೈಯಾರೆ ಮಾಡಿ ಕೊಡ್ತೀನಿ" ಎಂದುಬಿಟ್ಟಿದ್ದಳು.

ನಂಜಮ್ಮ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. "ಮಾಡವ್ವ, ಈ ಸಲ ನಿನ್ ಮಾತು. ಆದ್ರೆ ಬೀದಿಯೋರು ನಕ್ರು ಅನ್ಕೋ, ಉಳಿದ ನಾಕು ವರ್ಷ ನನ್ ಮಾತು. ಎಳ್ಳಿಂದು ಒಂದೇ ಅಲ್ಲ. ಅಡಿಗೆಮನೆದು, ಅಂಗಳದ್ದು, ಎಲ್ಲ. ತುಟಿ ಬಿಚ್ಚಂಗಿಲ್ಲ" ಎಂದಳಂತೆ. ಭಾನು ಒಪ್ಪಿಕೊಂಡಳಂತೆ.

"ಗೆದ್ರೆ ನಿಂಗೇನೇ ಸಿಗ್ತದೆ?" ಎಂದೆ.

"ಆ ಮನೇಲಿ ನಂದೂ ಒಂದು ಮಾತು ನಡೀತದೆ ದೊಡ್ಡವ್ವ. ಸಾಕಲ್ವಾ?"

ಒರಳು ಇದೆ, ಗುಂಡಿಲ್ಲ ಎಂದಿದ್ದಳು. ನಮ್ಮ ಮನೆಯ ರುಬ್ಬುಗುಂಡನ್ನೇ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅರಕಲಗೂಡಿನಿಂದ ಹೊಳೆನರಸೀಪುರದವರೆಗೂ ಬಸ್ಸು ನಾನಿದ್ದ ಕಡೆಗೇ ವಾಲಿಕೊಂಡು ಹೋಯಿತು.

"ಏನವ್ವ ಅದು? ಲಗೇಜಾದ್ರೆ ಚೀಟಿ ತಗೋಬೇಕು" ಎಂದ ಕಂಡಕ್ಟರ್.

"ಮೊಮ್ಮಗ ಕಣಪ್ಪ. ಈಗ ತಾನೆ ನಿದ್ದೆ ಹತ್ತದೆ, ಕಿರುಚಬ್ಯಾಡ."

ಅವನು ಟವೆಲಿನೊಳಗೆ ಬಗ್ಗಿ ನೋಡಿ, "ಬಣ್ಣ ನಿನ್ನಂಗೇ ಅದೆ" ಎಂದು ಮುಂದೆ ಹೋದ.

ಬಾಗೂರಿಗೆ ಇಳಿದ ಗಳಿಗೆಯಿಂದ ಆ ಮನೆಯಲ್ಲಿ ಕಾಗದಕ್ಕೆ ಉಳಿಗಾಲವಿರಲಿಲ್ಲ. ಹಳೇ ಪೇಪರು, ಮುಗಿದ ವರ್ಷದ ಕ್ಯಾಲೆಂಡರು, ಭಾನುವಿನ ಗಂಡ ಪರಮೇಶ್ ಜೋಪಾನ ಮಾಡಿಟ್ಟಿದ್ದ ಕಾಲೇಜಿನ ನೋಟ್ಸು, ಎಲ್ಲವೂ ಹರಿದು ಹಂಡೆಯಲ್ಲಿ ನೆನೆದವು. ಹಿಂಡಿದ ಕಾಗದವನ್ನು ನೆನೆಸಿದ ಮೆಂತ್ಯದ ಜೊತೆ ರುಬ್ಬಬೇಕು. ಮೆಂತ್ಯ ಅಂಟೂ ಆಗುತ್ತದೆ, ಹುಳವನ್ನೂ ದೂರ ಇಡುತ್ತದೆ. ಬೋರಲು ಹಾಕಿದ ತೆಂಗಿನ ಚಿಪ್ಪಿಗೆ ಒದ್ದೆ ಬಟ್ಟೆ ಹೊದಿಸಿ, ಮೇಲೆ ಅದನ್ನು ಮೆತ್ತಿ, ಒಣಗಿದ ಮೇಲೆ ಬಿಡಿಸಿದರೆ ಬಟ್ಟಲು. ಚಿಪ್ಪುಗಳನ್ನು ಭಾನು ಬೀದಿಯ ಮನೆಗಳಿಂದಲೇ ಕೇಳಿ ತಂದು, ನಾರು ಕಿತ್ತು ಇಟ್ಟಿದ್ದಳು. ಎದುರುಮನೆ ಮಲ್ಲಿಗಮ್ಮ ಮಾತ್ರ, "ಯಾಕೆ, ನೀರೊಲೆಗೆ ಸೌದೆ ಇಲ್ವೇನೇ ನಿಮ್ಮನೇಲಿ?" ಎಂದು ಕೊಂಕು ಸೇರಿಸಿಯೇ ಕೊಟ್ಟಿದ್ದಳಂತೆ.

ರುಬ್ಬಿ ರುಬ್ಬಿ ಭಾನುವಿನ ಅಂಗೈಯಲ್ಲಿ ಬೊಬ್ಬೆ ಎದ್ದವು. ಮರುಕಪಟ್ಟ ಪರಮೇಶ್ ಒಂದು ಹಿಡಿಯನ್ನು ಮಿಕ್ಸಿಗೆ ಹಾಕಿದ. ಮಿಕ್ಸಿ ಮುದುಕನಂತೆ ಕೆಮ್ಮಿ ಹೊಗೆ ಬಿಟ್ಟು ಮಲಗಿತು. ಭಾನು ಅಂಗೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಗುಂಡು ಹಿಡಿದಳು.

ಸಾಮಾನ್ಯರು ಇಷ್ಟಕ್ಕೇ ನಿಲ್ಲಿಸುತ್ತಾರೆ. ನಾನು ಸಾಮಾನ್ಯಳೇ? ಮೆಂತ್ಯ ಒಂದು ಹಿಡಿ ಹೆಚ್ಚಿಗೆ ಸುರಿದೆ. ಗಟ್ಟಿಯಾಗಲಿ ಎಂದು ಗಂಜಿ, ಹೊಳಪಿಗೆಂದು ಮೇಲೆ ಬೆಲ್ಲದ ಪಾಕ.

"ಕರು ಹಾಕಿದ ಹಸುಗೆ ತಿನ್ನಕ್ಕೆ ಕಲಸಿದಂಗದೆ ದೊಡ್ಡವ್ವ" ಎಂದಳು ಭಾನು.

"ಕಲಿಯೋಳು ನೀನು, ಕಲಿಸೋಳು ನಾನು" ಎಂದು ಬಾಯಿ ಮುಚ್ಚಿಸಿದೆ.

ಬಟ್ಟಲುಗಳು ಎಷ್ಟು ಹೊಳೆದವೆಂದರೆ ಪರಮೇಶ್ ಒಂದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದ. ಹಬ್ಬದ ಬೆಳಿಗ್ಗೆ, ಕೊನೆಯ ಬಿಸಿಲು ಕುಡಿಯಲಿ ಎಂದು ಅವನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಇಟ್ಟೆವು.

ಅತ್ತ ನಂಜಮ್ಮ ತನ್ನ ಹಸು ಕೆಂಪಿಯ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಹಗ್ಗ ಬಿಚ್ಚಿ ಅಂಗಳದಲ್ಲಿ ಬಿಟ್ಟಳು. ಆರತಿ ತಟ್ಟೆ ತರಲು ಒಳಗೆ ಬಂದಳು. ನಾವೆಲ್ಲ ಅಡಿಗೆಮನೆಯಲ್ಲಿದ್ದೆವು. ಹೊರಗಿನಿಂದ ಹಪ್ಪಳ ಮುರಿದಂಥ ಸದ್ದು ಬಂತು. ಮೊದಲು ಒಂದು ಹಪ್ಪಳ. ಆಮೇಲೆ ಮದುವೆ ಪಂಕ್ತಿ.

ಓಡಿ ಬಂದು ನೋಡಿದರೆ ಕೆಂಪಿ ಸಾಲು ತಪ್ಪಿಸದೆ, ಒಂದೊಂದೇ ಬಟ್ಟಲನ್ನು ಮರ್ಯಾದೆಯಿಂದ ತಿನ್ನುತ್ತಿತ್ತು. ಪರಮೇಶ್ ಕೋಲು ಎತ್ತಿದ.

"ಇಳಿಸ್ಲಾ ಕೋಲಾ!" ನಂಜಮ್ಮ ಕೂಗಿದಳು. "ಸಂಕ್ರಾಂತಿ ದಿನ ಹಸಿನ ಮ್ಯಾಲೆ ಕೈಯೆತ್ತೀಯಾ?"

ಕೈ ಎತ್ತುವಂತಿಲ್ಲ, ಗದರುವಂತಿಲ್ಲ, ಆ ದಿನ ಅದು ದೇವರು. ನಂಜಮ್ಮ ಆರತಿ ಎತ್ತಿದಳು. ನಾವು ಕೈಮುಗಿದು ನಿಂತೆವು. ದೇವರು ಊಟ ಮುಗಿಸಿತು. ನನ್ನ ಕೈಯಡುಗೆಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ. ಆದರೆ ಭಾನುವಿನ ಮುಖ ನೋಡಿ ಅದನ್ನು ಹೇಳಲಿಲ್ಲ.

"ಈಗ್ಲೂ ಹೊತ್ತು ಮೀರಿಲ್ಲ" ಎಂದಳು ನಂಜಮ್ಮ, ದನಿ ತಗ್ಗಿಸಿ. "ಪರಮೇಶ ಪಟ್ಣಕ್ಕೋಗಿ ಸ್ಟೀಲ್ ಬಟ್ಲು ತರ್ಲಿ."

ಭಾನುವಿನ ಕಣ್ಣು ತುಂಬಿದ್ದವು. ಆದರೂ ತಲೆ ಅಲ್ಲಾಡಿಸಿದಳು. "ಬ್ಯಾಡ ಅತ್ತೆ. ಸಂಜೆಗಂಟ ಹೊತ್ತದೆ." ಮೂಲೆಯಲ್ಲಿ ಅಚ್ಚಿಗೆ ಬಳಸಿದ್ದ ಚಿಪ್ಪುಗಳ ರಾಶಿ ಬಿದ್ದಿತ್ತು. ಒಂದನ್ನು ಎತ್ತಿಕೊಂಡು, ಒಡೆದ ಗಾಜಿನ ಚೂರಿನಿಂದ ಹೊರಮೈ ಕೆರೆಯತೊಡಗಿದಳು. ಉಪ್ಪುಕಾಗದದಿಂದ ಉಜ್ಜಿ, ಕೊಬ್ಬರಿ ಎಣ್ಣೆ ಸವರಿದಳು. ಚಿಪ್ಪು ಹೊಸ ಕರುವಿನ ಕಣ್ಣಿನ ಹಾಗೆ ಕಪ್ಪಗೆ ಮಿಂಚಿತು.

"ಹಬ್ಬದ ದಿನ ಊರೋರ ಕೈಗೆ ಚಿಪ್ಪು ಕೊಡ್ತೀಯೇನೇ?" ಎಂದಳು ನಂಜಮ್ಮ.

ಭಾನು ಎರಡನೆಯದನ್ನು ಕೈಗೆತ್ತಿಕೊಂಡಳು. ನಂಜಮ್ಮ ಸೆರಗು ಸಿಕ್ಕಿಸಿ ಕುಳಿತೇಬಿಟ್ಟಳು. "ಹಗ್ಗ ಬಿಚ್ಚಿದ್ದು ನಾನು. ಹಸು ಬಿಟ್ಟು ಗೆದ್ಲು ಅಂತ ನಾಳೆ ನೀನು ಅನ್ನಬಾರ್ದು. ಗಾಜು ಇತ್ತ ಕೊಡು."

ನಾಲ್ವರೂ ಕೆರೆದೆವು. ನನ್ನ ಕೈಯ ವೇಗಕ್ಕೆ ಚಿಪ್ಪಿನಿಂದ ಕಿಡಿ ಹಾರಿ, ಸಂಜೆ ದನ ಹಾರಿಸಲು ಹಾಕಬೇಕಾದ ಕಿಚ್ಚನ್ನು ಇವರು ಮಧ್ಯಾಹ್ನವೇ ಹಾಕಿದರು ಎಂದು ಊರವರು ಅಂದುಕೊಂಡರು. ಎಲ್ಲ ಆಯಿತು ಎಂದು ಮೊದಲ ಚಿಪ್ಪಿಗೆ ಎಳ್ಳು ತುಂಬಿದರೆ ಅದು ಉರುಳಿತು. ಎರಡನೆಯದೂ ಉರುಳಿತು. ದುಂಡಗಿನ ತಳ, ನಿಲ್ಲುವುದು ಹೇಗೆ? ಭಾನು ನೆಲದ ಮೇಲಿನ ಎಳ್ಳು ಬಳಿಯುತ್ತ ತುಟಿ ಕಚ್ಚಿಕೊಂಡಳು.

ನಂಜಮ್ಮ ಒಳಗೆ ಹೋಗಿ ಹಳೇ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದಳು. ಒಳಗೆ ಗಾಜಿನ ಬಳೆಗಳು, ಹಸಿರು, ಕೆಂಪು, ಒಂದೂ ತೊಟ್ಟದ್ದಲ್ಲ. "ಹಬ್ಬ ಹಬ್ಬಕ್ಕೂ ತಗೊಂಡೆ. ಕೈ ದಪ್ಪಾಯ್ತು, ಏರ್ಲಿಲ್ಲ. ಬಿಸಾಕಕ್ಕೂ ಮನಸು ಬರ್ಲಿಲ್ಲ." ಒಂದು ಹಸಿರು ಬಳೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಚಿಪ್ಪು ಕೂರಿಸಿದಳು. ಚಿಪ್ಪು ನಿಂತಿತು. ನಾನು ಕೂಡ ಏನೂ ಮಾತಾಡಲಿಲ್ಲ. ಹಾಸನ ಜಿಲ್ಲೆಯಲ್ಲಿ ಅಂಥದ್ದು ಹಿಂದೆ ನಡೆದಿಲ್ಲ. ಹುಣಸೆಬೀಜದ ಅಂಟು ಬೇಯಿಸಿ ಬಳೆಗಳನ್ನು ತಳಕ್ಕೆ ಅಂಟಿಸಿದೆವು.

ಸಂಜೆ ಮೊದಲ ಮನೆ ಮಲ್ಲಿಗಮ್ಮನದು. ಅಲ್ಲಿ ಆಗಲೇ ಬೀದಿಯ ನಾಲ್ಕಾರು ಹೆಂಗಸರು ಸೇರಿದ್ದರು. ಭಾನು ತಟ್ಟೆಯಿಂದ ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಮಲ್ಲಿಗಮ್ಮ ಹಿಡಿದು ನೋಡಿ ಗೊಳ್ಳೆಂದಳು.

"ಏನೇ ನಂಜಮ್ಮ, ಸೊಸೆ ಕೈಲಿ ಚಿಪ್ಪು ಹಂಚುಸ್ತಿದ್ದೀಯ! ಸ್ಟೀಲ್ ಅಂಗಡಿ ಬಾಗ್ಲು ಹಾಕಿತ್ತಾ?"

ಉಳಿದವರೂ ನಕ್ಕರು. ಭಾನು ಮುಂದಿನವಳಿಗೆ ಚಿಪ್ಪು ಎತ್ತಿ ನೀಡಿದಳು. ನಗು ನಿಲ್ಲಲೆಂದು ಕಾಯಲಿಲ್ಲ.

ಹಿಂದಿನಿಂದ ನಂಜಮ್ಮ ಮುಂದೆ ಬಂದಳು. "ನಗು ಮಲ್ಲಿ, ಚೆನ್ನಾಗಿ ನಗು. ಅದು ನಿಮ್ಮನೆ ಚಿಪ್ಪೇ ಕಣೇ. ನಿನ್ ಕೈಲಿದ್ದಿದ್ರೆ ನೀರೊಲೆಲಿ ಬೂದಿಯಾಗಿರೋದು. ನನ್ ಸೊಸೆ ಕೈಯಾಗೆ ಅಂಗೆ ಹೊಳೀತದೆ. ತಳದಲ್ಲಿರೋದು ನನ್ ಬಳೆ. ಒಲ್ಲೆ ಅನ್ನಂಗಿದ್ರೆ ಇತ್ತ ಕೊಡು!" ಎಂದು ಕೈ ಚಾಚಿದಳು.

ಮಲ್ಲಿಗಮ್ಮ ಚಿಪ್ಪನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಕೊಟ್ಟಿದ್ದನ್ನ ಯಾರಾದ್ರೂ ಕಿತ್ಕೋತಾರಾ?" ಎನ್ನುತ್ತ ಮೆಲ್ಲಗೆ ಬೆರಳಾಡಿಸಿ, "ಎಣ್ಣೆ ಯಾವುದೇ ಹಚ್ಚಿದ್ದು?" ಎಂದಳು.

ಬೀದಿ ಮುಗಿಸಿ ಬಂದಾಗ ಊರಿನ ಗಂಡಸರು ಹುಲ್ಲು ಹರಡಿ ಕಿಚ್ಚಿಗೆ ಅಣಿ ಮಾಡುತ್ತಿದ್ದರು. ಭಾನು ಖಾಲಿ ತಟ್ಟೆ ಇಟ್ಟು ಅತ್ತೆಯ ಮುಂದೆ ನಿಂತಳು.

"ಬೀದಿ ನಕ್ತು ಅತ್ತೆ. ಆಡಿದ ಮಾತು ಮಾತೇ. ಇನ್ನು ನಾಕು ವರ್ಷ ನಿಮ್ದೇ."

"ನಂದೇ. ಯಾರು ಇಲ್ಲ ಅಂದ್ರು?" ಎಂದಳು ನಂಜಮ್ಮ, ಕೆಂಪಿಯ ಕುತ್ತಿಗೆಗೆ ಹಗ್ಗ ಹಾಕುತ್ತ. "ಅಂಗಾರೆ ಕೇಳಿಸ್ಕೋ. ನಾಳೆಯಿಂದ ಒಂದು ಚಿಪ್ಪೂ ನೀರೊಲೆಗೆ ಬೀಳಂಗಿಲ್ಲ. ಬರೋ ಸಂಕ್ರಾಂತಿಗೆ ಏನು ಮಾಡೋದು ಅಂತ ನೀನು ಹೇಳ್ಬೇಕು, ನಾನು ಕೆರೀಬೇಕು. ಇದು ನನ್ ಮಾತು. ತುಟಿ ಬಿಚ್ಚಂಗಿಲ್ಲ."

ಭಾನು ತುಟಿ ಬಿಚ್ಚದಿರಲು ಪಾಡು ಪಟ್ಟಳು. ಹಲ್ಲು ಮಾತ್ರ ಕಂಡೇ ಕಂಡವು.

"ಮೆಂತ್ಯ ನಾನು ತರ್ತೀನಿ ಬೀಗಿತ್ತಿ" ಎಂದೆ.

"ಮೆಂತ್ಯ ನಿಮ್ಮೂರಲ್ಲೇ ಇರ್ಲಿ ಸುಬ್ಬಮ್ಮಾರೆ. ಗುಂಡು ಮಾತ್ರ ಬಿಟ್ಟೋಗಿ."

ಮೆಂತ್ಯದ ಬೆಲೆ ಅವಳಿಗೇನು ಗೊತ್ತು? ಆ ಸಂಜೆ ಕೆಂಪಿ ಕಿಚ್ಚು ಹಾರಿದ್ದು ಬೆಂಕಿಯ ಮೇಲಲ್ಲ, ಊರಿನ ತೆಂಗಿನ ಮರಗಳ ಮೇಲೆ. ಅಷ್ಟೂ ನನ್ನ ಬಟ್ಟಲುಗಳ ಕಸುವು. ಮರುದಿನ ಅದರ ಸಗಣಿ ತಟ್ಟುವಾಗ ಪರಮೇಶ್‌ಗೆ ತನ್ನ ಕಾಲೇಜಿನ ನೋಟ್ಸಿನ ಎರಡು ಸಾಲು ಓದಲು ಸಿಕ್ಕಿದವಂತೆ.