ಏಳನೆಯ ಹಾಳೆ

ಗೋಡೆಗಳನ್ನೆಲ್ಲ ಪುಸ್ತಕದಿಂದಲೇ ಕಟ್ಟಿದ್ದ ಒಂದು ಮನೆಯಿತ್ತಂತೆ. ಆ ಮನೆಯಲ್ಲಿ ಏಳು ಜನ ಪಂಡಿತರಿದ್ದರಂತೆ. ಯಾರು ಏನು ಕೇಳಿದರೂ ಗಂಟೆಗಟ್ಟಲೆ ಉತ್ತರ ಹೇಳುವವರು. ಆದರೆ ‘ನಿಮಗೇನು ಇಷ್ಟ, ಮೂರೇ ಸಾಲಲ್ಲಿ ಬರೆದುಕೊಡಿ’ ಎಂದರೆ ಮಾತ್ರ ಏಳೂ ಜನರ ಕೈ ಕಲ್ಲಾಗಲಿ ಅಂತ ಯಾರೋ ಶಾಪ ಕೊಟ್ಟಿದ್ದರಂತೆ. ಮೂರು ದಿನದೊಳಗೆ ಏಳೂ ಜನರಿಂದ ಬರೆಸಿ ತರುತ್ತೇನೆ ಎಂದು ಒಬ್ಬ ಹುಡುಗಿ ಮಾತು ಕೊಟ್ಟಳಂತೆ.

ನನ್ನಜ್ಜಿ ಇದ್ದಿದ್ದರೆ ಹೀಗೆ ಶುರು ಮಾಡುತ್ತಿದ್ದಳು. ನಡುವೆ ಎಲ್ಲಾದರೂ ದಾರಿ ತೋರಿಸುವ ಒಂದು ಹಕ್ಕಿಯನ್ನೂ ತರುತ್ತಿದ್ದಳು. ನನ್ನ ಪಾಲಿಗೆ ಹಕ್ಕಿ ಇರಲಿಲ್ಲ. ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದ ಎರಡನೆಯ ಮಹಡಿ ಇತ್ತು, ಏಳು ಜನ ಪ್ರಾಧ್ಯಾಪಕರಿದ್ದರು, ‘ಬೋಧನೆ ಮತ್ತು ಸಂಶೋಧನೆಯ ಆಸಕ್ತಿ’ ಎಂಬ ತಲೆಬರಹದ ಏಳು ಹಾಳೆಗಳಿದ್ದವು. ಮಾತು ಕೊಟ್ಟ ಹುಡುಗಿ ನಾನೇ. ಮೂರು ವರ್ಷದಿಂದ ಅಲ್ಲಿ ತಾತ್ಕಾಲಿಕ ಅಧ್ಯಾಪಕಿ.

“ಶುಕ್ರವಾರ ಹತ್ತು ಗಂಟೆಗೆ ಪರಿಶೀಲನಾ ಸಮಿತಿ ಬರುತ್ತೆ,” ಎಂದರು ನಮ್ಮ ಮುಖ್ಯಸ್ಥೆ. “ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳ್ತಾರೆ. ಹಾಳೆ ಅವರವರ ಕೈಯಲ್ಲೇ ಬರೆದಿರಬೇಕು. ಹೋದ ಸಲ ಹೋದ ಮಾನ ಇನ್ನೂ ವಾಪಸ್ ಬಂದಿಲ್ಲ, ನೆನಪಿರಲಿ.”

ಹೋದ ಸಲದ ಕಥೆ ನಮ್ಮ ಮಹಡಿಯಲ್ಲಿ ಎಲ್ಲರಿಗೂ ಬಾಯಿಪಾಠ. ಕೊನೆಯ ಗಳಿಗೆವರೆಗೂ ಯಾರೂ ಬರೆದುಕೊಡದೆ, ಆಗಿನ ಮುಖ್ಯಸ್ಥರು ತಾವೇ ಕೂತು ಏಳೂ ಹಾಳೆ ತುಂಬಿಸಿದ್ದರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸುಸ್ತಾಗಿ, ಉಳಿದವರಿಗೆಲ್ಲ ತಮ್ಮ ಆಸಕ್ತಿಯನ್ನೇ ಹಂಚಿಬಿಟ್ಟಿದ್ದರು. ನಾಟಕ ಹೇಳುವವರಿಗೂ, ಭಾಷೆಯ ಇತಿಹಾಸದವರಿಗೂ ‘ಕಾದಂಬರಿಯಲ್ಲಿ ಸೇವಕರ ಪಾತ್ರ’. ಸಮಿತಿಯ ಅಧ್ಯಕ್ಷರು ಹಾಳೆಗಳನ್ನು ಸಾಲಾಗಿ ಜೋಡಿಸಿ ನೋಡಿ, “ನಿಮ್ಮಲ್ಲಿ ಯಜಮಾನರ ಬಗ್ಗೆ ಓದೋರು ಯಾರೂ ಇಲ್ವಾ?” ಎಂದಿದ್ದರಂತೆ.

“ಈ ಸಲ ಒಂದೇ ಒಂದು ಹಾಳೇಲಿ ಬೇರೆ ಕೈ ಕಂಡ್ರೂ ‘ಗಟ್ಟಿ ಓದು’ ಪಾಠ ಮುಚ್ಚಿಬಿಡ್ತಾರೆ. ಎಂಟೇ ಮಕ್ಕಳಿರೋ ಪಾಠ, ಅದರ ಮೇಲೆ ಅವರಿಗೆ ಮೊದಲಿಂದಲೂ ಕಣ್ಣು,” ಎಂದರು ಮುಖ್ಯಸ್ಥೆ. “ಅದು ಹೋದ್ರೆ ಅದನ್ನ ಹೇಳೋ ಓದು ಮೇಷ್ಟ್ರು ಮನೆಗೆ, ಅವರ ಹಿಂದೇನೇ ನೀನೂ ಮನೆಗೆ.”

ನನ್ನನ್ನು ನೇಮಿಸಿಕೊಂಡಿದ್ದೇ ಆ ಪಾಠಕ್ಕೆ ಸಹಾಯಕಿಯಾಗಿ. “ಆಯ್ತು ಮೇಡಂ, ಏಳೂ ತರ್ತೀನಿ,” ಎಂದೆ.

ಆರು ಹಾಳೆಗಳಿಗೆ ಎರಡೂವರೆ ದಿನ ಹಿಡಿಯಿತು. ನಾಟಕದವರು ಮೂರು ಸಾಲಿನ ಜಾಗದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹತ್ತೊಂಬತ್ತು ಸಾಲು ತುಂಬಿದರು. ಕವಿತೆ ಹೇಳುವವರು ಕಿಟಕಿಯಾಚೆ ಬಹಳ ಹೊತ್ತು ನೋಡಿ, “ನನ್ನ ಆಸಕ್ತಿ ಏನು ಅಂತ ನನ್ನ ಹೆಂಡತೀನ ಕೇಳಿದ್ರೆ ಬೇಗ ಮುಗಿಯುತ್ತೆ ನೋಡಮ್ಮ,” ಎಂದರು. ಹೇಗೋ ಗುರುವಾರ ಮಧ್ಯಾಹ್ನಕ್ಕೆ ಆರೂ ನನ್ನ ಕೈಗೆ ಬಂದವು. ಉಳಿದದ್ದು ಮೂಲೆ ಕೋಣೆಯ ಓದು ಮೇಷ್ಟ್ರದು.

ಹೆಸರು ಬಂದದ್ದು ಅವರ ಪಾಠದಿಂದಲೇ. ಅವರು ಯಾರ ಪ್ರಬಂಧವನ್ನೂ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, “ಓದು,” ಎನ್ನುತ್ತಿದ್ದರು. ಬರೆದವರೇ ಗಟ್ಟಿಯಾಗಿ ಓದಬೇಕು. ನಡುವೆ ಒಮ್ಮೆಲೆ ಕೈ ಎತ್ತಿ, “ಇಲ್ಲಿ ಏನೋ ಹೊಡೆದುಹಾಕಿ ಬೇರೆ ಬರೆದಿದೀಯ. ಮೊದಲು ಬರೆದಿದ್ದೇ ನಿಜ ಇತ್ತು, ಹೆದರಿಕೊಂಡೆ,” ಎನ್ನುವರು. ಒಂದು ಸಲವೂ ತಪ್ಪಿದ್ದಿಲ್ಲ. ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಹನ್ನೊಂದು ಕಡೆ ಕೈ ಎತ್ತಿದ್ದರು, ಹನ್ನೊಂದೂ ಸರಿ. ಇವರಿಗೇನೋ ಮಾಟ ಗೊತ್ತಿದೆ ಎಂದು ಮಕ್ಕಳು ನಂಬಿದ್ದರು. ಅಜ್ಜಿಯ ಮಡಿಲಲ್ಲಿ ಬೆಳೆದ ನಾನು ಅವರಿಗಿಂತ ಹೆಚ್ಚು ನಂಬಿದ್ದೆ.

ಅವರ ಸಂಶೋಧನೆಯೂ ಅದೇ. ಹಳೆಯ ಪತ್ರಗಳಲ್ಲಿ ಬರೆದವರೇ ಹೊಡೆದುಹಾಕಿದ ಮಾತುಗಳು. ಶಾಯಿಯ ಗೀಟಿನ ಕೆಳಗೆ ಅಡಗಿದ ಪದವನ್ನು ಭೂತಕನ್ನಡಿ ಹಿಡಿದು ಬಿಡಿಸುವುದರಲ್ಲೇ ಮೂವತ್ತು ವರ್ಷ ಕಳೆದಿದ್ದರು.

ಬಾಗಿಲು ತಳ್ಳುತ್ತಿದ್ದಂತೆಯೇ, “ಬಾ ತಾಯಿ,” ಎಂದರು. “ಹೆಜ್ಜೆ ಸದ್ದಲ್ಲೇ ಗೊತ್ತಾಯ್ತು, ಪೊಲೀಸರ ಥರ ಬರ್ತಿದೀಯ.”

“ಆರು ಆಯ್ತು ಸರ್. ನಿಮ್ಮದೊಂದೇ ಬಾಕಿ.”

“ನಾನು ಹೇಳ್ತೀನಿ, ನೀನು ಬರ್ಕೊ.”

“ಅವರವರ ಕೈಯಲ್ಲೇ ಬರೀಬೇಕಂತೆ ಸರ್.”

ಮೇಲೆ ಫ್ಯಾನು ಒಂದೊಂದು ಸುತ್ತಿಗೂ ಟಕ್ ಎನ್ನುತ್ತಿತ್ತು. ಮೇಜಿನ ಮೇಲೆ ಭೂತಕನ್ನಡಿ ಇತ್ತು, ಅದರ ಮೇಲೆ ಧೂಳು ಎಷ್ಟು ದಟ್ಟವಾಗಿತ್ತೆಂದರೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಕೊನೆಗೆ ಜೇಬಿನಿಂದ ಪೆನ್ನು ತೆಗೆದರು. ಎಡಗೈ ಹೆಬ್ಬೆರಳನ್ನು ಹಾಳೆಯ ಅಂಚಿಗೆ ಒತ್ತಿ, ಅಲ್ಲಿಂದಲೇ ಪೆನ್ನನ್ನು ಹೊರಡಿಸಿದರು. ಕತ್ತಲಲ್ಲಿ ಗೋಡೆ ಹಿಡಿದು ನಡೆಯುವವರ ಹಾಗೆ. ಎಲ್ಲೂ ನಿಲ್ಲಿಸದೆ ಬರೆದು, “ತಗೋ. ಸಾಕಲ್ವಾ?” ಎಂದರು.

ಹಾಳೆಯಲ್ಲಿ ಏನೂ ಇರಲಿಲ್ಲ.

ಕಿಟಕಿಯ ಕಡೆ ಓರೆ ಮಾಡಿದೆ. ಬಿಳಿಯ ಮೇಲೆ ಬಿಳಿ ಗೀರುಗಳು. ಪೆನ್ನಿನಲ್ಲಿ ಶಾಯಿ ಮುಗಿದಿತ್ತು. ಮೂರು ಸಾಲು ಬರೆದವರಿಗೆ ಅದು ಗೊತ್ತೇ ಆಗಿರಲಿಲ್ಲ. ತಲೆ ಎತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದರು. ನನ್ನನ್ನಲ್ಲ, ನಾನು ಕಿಟಕಿಯತ್ತ ಸರಿಯುವ ಮೊದಲು ನಿಂತಿದ್ದ ಜಾಗವನ್ನು.

ಅವರು ಕಾರಿಡಾರಿನಲ್ಲಿ ಯಾವಾಗಲೂ ಗೋಡೆಯ ಪಕ್ಕದಲ್ಲೇ ನಡೆಯುವುದು, ನೋಟಿಸು ಬಂದರೆ ‘ಏನಂತೆ ನೋಡು’ ಎನ್ನುವುದು, ಆ ಧೂಳು, ಆ ‘ಓದು’. ಎಲ್ಲ ಒಟ್ಟಿಗೆ ಬಂದು ಎದುರು ನಿಂತವು.

ಹೇಳಬೇಕಾಗಿದ್ದದ್ದು ಒಂದೇ ಮಾತು. ಸರ್, ಶಾಯಿ ಇಲ್ಲ. ಅದರ ಬದಲು “ಸಾಕು ಸರ್, ಚೆನ್ನಾಗಿದೆ,” ಎಂದುಬಿಟ್ಟೆ.

ನನ್ನ ಕೋಣೆ ಎಂದರೆ ಸೀಮೆಸುಣ್ಣದ ಡಬ್ಬಿಗಳ ಜೊತೆ ಹಂಚಿಕೊಂಡ ಅರ್ಧ ಕೋಣೆ. ಚಿಲಕ ಹಾಕಿ ಕೂತು, ಆ ಗೀರುಗಳ ಮೇಲೆ ಕಪ್ಪು ಪೆನ್ನು ಆಡಿಸಿದೆ. ಇದು ಮೋಸವಲ್ಲ, ಅಕ್ಷರ ಅವರದೇ, ಶಾಯಿ ಮಾತ್ರ ನನ್ನದು ಎಂದು ಸಮಾಧಾನ ಹೇಳಿಕೊಂಡೆ. ಮೊದಲ ಸಾಲು ಸಲೀಸಾಗಿ ಬಂತು: ‘ಹಳೆಯ ಪತ್ರಗಳಲ್ಲಿ ಬರೆದವರೇ ಹೊಡೆದುಹಾಕಿದ ಮಾತುಗಳು.’ ಎರಡನೆಯದು: ‘ಮೂವತ್ತು ವರ್ಷ ಹಸ್ತಪ್ರತಿಗಳ ಪರಿಶೀಲನೆ.’ ಮೂರನೆಯದು ಎರಡನೆಯದರ ಮೇಲೆಯೇ ಹತ್ತಿ ಕೂತಿತ್ತು. ಗೀರಿನೊಳಗೆ ಗೀರು, ಬಿಡಿಸಲಾಗಲಿಲ್ಲ. ಊಹಿಸಿ ಬರೆದೆ: ‘ಈಗಲೂ ಮುಂದುವರಿದಿದೆ.’

ಅಜ್ಜಿಯ ಕಥೆಗಳಲ್ಲಿ, ಬೇರೆಯವರ ಕೆಲಸವನ್ನು ಕದ್ದು ಮಾಡಿಕೊಟ್ಟವಳಿಗೆ ತುಂಬಿದ ಸಭೆಯಲ್ಲಿ ಒಂದು ಪರೀಕ್ಷೆ ಕಾದಿರುತ್ತದೆ. ಅದು ನೆನಪಾಗಿದ್ದು ಮರುದಿನ ಬೆಳಿಗ್ಗೆ, ಸಭಾಕೊಠಡಿಯಲ್ಲಿ ಫೈಲು ಹಿಡಿದು ಕೂತಾಗ.

ಉದ್ದ ಮೇಜಿನ ಆಚೆ ಮೂವರು. ನಡುವೆ ಅಧ್ಯಕ್ಷರು, ಹೋದ ಸಲದವರೇ. ಬಲಕ್ಕೆ ಬಿಡುವಿಲ್ಲದೆ ಟಿಪ್ಪಣಿ ಬರೆಯುವ ಒಬ್ಬ ಸದಸ್ಯೆ. ಎಡಕ್ಕೆ ಮಾತೇ ಆಡದ ಒಬ್ಬರು. ಈಚೆ ಮುಖ್ಯಸ್ಥೆ, ಅವರ ಪಕ್ಕ ನಾನು. ಒಬ್ಬೊಬ್ಬರೇ ಬಂದರು, ಹೋದರು. ಅಧ್ಯಕ್ಷರು ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಾಗೆ ಹಿಡಿದಾಗಲೆಲ್ಲ ನನ್ನ ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಳ್ಳುತ್ತಿದ್ದವು.

ಓದು ಮೇಷ್ಟ್ರು ಕೊನೆಯವರು. ಕುರ್ಚಿಯ ಬೆನ್ನು ಮುಟ್ಟಿ ನೋಡಿ ಕೂತರು. ಅಧ್ಯಕ್ಷರು ಅವರ ಹಾಳೆ ಎತ್ತಿಕೊಂಡರು.

“ಮೂರನೇ ಸಾಲಲ್ಲಿ ‘ಈಗಲೂ ಮುಂದುವರಿದಿದೆ’ ಅಂದಿದೀರಿ. ಈಗ ಯಾರ ಪತ್ರ ನೋಡ್ತಿದೀರಿ?”

“ನಾನು ಹಾಗೆ ಬರೆದಿಲ್ವಲ್ಲ,” ಎಂದರು ಮೇಷ್ಟ್ರು.

ಮುಖ್ಯಸ್ಥೆಯ ಕೈಯಲ್ಲಿದ್ದ ಲೋಟ ಮೇಜಿಗೆ ತಗುಲಿ ಸದ್ದಾಯಿತು.

“ಬರೆದಿಲ್ವಾ? ಇದು ನಿಮ್ಮ ಅಕ್ಷರ ಅಲ್ವಾ? ನೋಡಿ ಹೇಳಿ.” ಅಧ್ಯಕ್ಷರು ಹಾಳೆಯನ್ನು ಮೇಜಿನ ಮೇಲೆ ಜಾರಿಸಿದರು.

ಮೇಷ್ಟ್ರು ನೋಡಲಿಲ್ಲ. ಹಾಳೆ ನಿಂತ ಸದ್ದಿನ ಕಡೆಗೆ ಕೈ ಚಾಚಿ, ಅದರ ಮೇಲೆ ಬೆರಳ ತುದಿ ಇಟ್ಟರು. ಮೊದಲ ಸಾಲು ಸವರಿದರು, ಎರಡನೆಯದು ಸವರಿದರು. ಮೂರನೆಯದರ ಮೇಲೆ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಮುಂದೆ ಬಂತು.

“ಇದರ ಮೇಲೆ ಯಾರೋ ಬರೆದಿದಾರೆ,” ಎಂದರು.

“ಮತ್ತೆ ಅದೇ ಕಥೆನಾ ಮೇಡಂ?” ಅಧ್ಯಕ್ಷರು ಮುಖ್ಯಸ್ಥೆಯತ್ತ ತಿರುಗಿದರು. ಮುಖ್ಯಸ್ಥೆ ನನ್ನತ್ತ ತಿರುಗಿದರು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಮೇಷ್ಟ್ರು ಸುಳ್ಳುಗಾರರಾಗುತ್ತಾರೆ. ಯಾವ ಹಕ್ಕಿಯೂ ಬರಲಿಲ್ಲ. ಎದ್ದು ನಿಂತೆ.

“ನಾನು ಸರ್. ಪೆನ್ನಲ್ಲಿ ಶಾಯಿ ಇರಲಿಲ್ಲ. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ. ನಿಮ್ಮ ಗೀರಿನ ಮೇಲೇ ಬರೆದೆ. ಮೂರನೇ ಸಾಲು ಗೊತ್ತಾಗಲಿಲ್ಲ, ಅದೊಂದು ನಾನೇ…”

ಸದಸ್ಯೆಯ ಪೆನ್ನು ನಿಂತಿತು.

“ಮೂವತ್ತು ವರ್ಷ ಬೇರೆಯವರು ಅಳಿಸಿದ್ದನ್ನ ಓದ್ತಾ ಕೂತೆ,” ಎಂದರು ಮೇಷ್ಟ್ರು ನಿಧಾನವಾಗಿ. “ನೀನು ನನ್ನದನ್ನೇ ಅಳಿಸಿಬಿಟ್ಯಲ್ಲೇ, ಪುಣ್ಯಾತ್ಗಿತ್ತಿ.”

ಆಮೇಲೆ ಅಧ್ಯಕ್ಷರ ದನಿಯಿದ್ದ ಕಡೆಗೆ ಮುಖ ಮಾಡಿದರು. “ಮೂರನೇ ಸಾಲಲ್ಲಿ ಇದ್ದದ್ದು ಇಷ್ಟು ಸ್ವಾಮಿ. ಎರಡು ವರ್ಷದಿಂದ ನನಗೆ ಕಣ್ಣು ಕಾಣಲ್ಲ. ಈಗ ಅದೇ ಕೆಲಸ ಕಿವಿಯಿಂದ ಮಾಡ್ತಿದೀನಿ. ಬಾಯಲ್ಲಿ ಹೇಳೋಕೆ ಆಗದೇ ಇದ್ದದ್ದನ್ನ ಹಾಳೇಲಿ ಹೇಳಿದ್ದೆ. ಹೇಳಿದೀನಿ ಅಂತ ನೆಮ್ಮದಿಯಾಗಿ ನಿದ್ದೇನೂ ಮಾಡಿದೆ.”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಕಿವಿಯಿಂದ?” ಅಧ್ಯಕ್ಷರು ಹುಬ್ಬೇರಿಸಿದರು. “ಹೊಡೆದುಹಾಕಿದ ಪದ ಕೇಳಿಸುತ್ತಾ?”

“ಪದ ಕೇಳಿಸಲ್ಲ. ಬರೆದವರು ಅಲ್ಲಿ ಎಡವೋದು ಕೇಳಿಸುತ್ತೆ. ಬಲಗಡೆ ಕೂತಿರೋರು ಆಗಿನಿಂದ ಬರೀತಾನೇ ಇದಾರೆ. ಅದನ್ನೇ ಓದ್ಲಿ.”

ಸದಸ್ಯೆ ಅಧ್ಯಕ್ಷರ ಮುಖ ನೋಡಿದರು. ಅವರು ತಲೆಯಾಡಿಸಿದ ಮೇಲೆ ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ವಿಭಾಗದ ಗ್ರಂಥಾಲಯ ಚೆನ್ನಾಗಿದೆ. ಮಕ್ಕಳ ಹಾಜರಿ ಪರವಾಗಿಲ್ಲ. “ಗಟ್ಟಿ ಓದು ಎಂಬ ಪಾಠವನ್ನು… ಮತ್ತೊಮ್ಮೆ ಪರಾಮರ್ಶಿಸುವುದು ಒಳ್ಳೆಯದು.”

ಮೇಷ್ಟ್ರ ಕೈ ಮೇಲೆದ್ದಿತು. ತರಗತಿಯಲ್ಲಿ ಏಳುವ ಹಾಗೆಯೇ.

“ಪಾಠವನ್ನು ಅಂದ ಮೇಲೆ ನಿಂತ್ರಿ. ಅಲ್ಲಿ ಬೇರೆ ಮಾತಿತ್ತು, ಇದಕ್ಕಿಂತ ಗಿಡ್ಡದು. ಅದನ್ನ ಹೊಡೆದು ಇದನ್ನ ಬರೆದಿದೀರಿ. ನಿಜವಾದದ್ದು ಅದೇ, ಅಲ್ವಾ?”

ಸದಸ್ಯೆಯ ಕಿವಿ ಕೆಂಪಾಯಿತು. ಅವರು ಟಿಪ್ಪಣಿಯನ್ನು ಎದೆಗೆ ಒತ್ತಿ ಹಿಡಿದರು, ಆಮೇಲೆ ಮೇಜಿನ ಮೇಲಿಟ್ಟರು.

“‘ನಿಲ್ಲಿಸಬೇಕು’ ಅಂತಿತ್ತು,” ಎಂದರು.

ಗೋಡೆ ಗಡಿಯಾರದ ಮುಳ್ಳು ಒಂದೊಂದೇ ಹೆಜ್ಜೆ ಇಡುತ್ತಿತ್ತು. ಮೇಷ್ಟ್ರ ಹೆಬ್ಬೆರಳು ಹಾಳೆಯ ಅಂಚನ್ನು ಮೇಲೆ ಕೆಳಗೆ ತೀಡುತ್ತಿತ್ತು. ಆ ಒಂದು ಪಾಠವೇ ಅವರಿಗೆ ಉಳಿದಿದ್ದ ಕಣ್ಣು, ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಆಗ ಗೊತ್ತಿತ್ತು. ಅಧ್ಯಕ್ಷರು ಸದಸ್ಯೆಯ ಕಡೆ ಬಾಗಿ ಏನೋ ಪಿಸುಗುಟ್ಟಿದರು. ಮಾತೇ ಆಡದವರು ಮೊದಲ ಸಲ ಬಾಯಿ ಬಿಟ್ಟು, “ನನ್ನದೇನೂ ಅಭ್ಯಂತರ ಇಲ್ಲಪ್ಪ,” ಎಂದರು. ಸದಸ್ಯೆ ಪೆನ್ನು ಎತ್ತಿಕೊಂಡರು. ಸರ್ರನೆ ಒಂದು ಉದ್ದ ಗೀಟು ಎಳೆದ ಸದ್ದು.

“ಪೂರ್ತಿ ಸಾಲು ಹೋಯ್ತು,” ಎಂದರು ಮೇಷ್ಟ್ರು.

“ಹೌದು ಸರ್, ಪೂರ್ತಿ,” ಎಂದರು ಸದಸ್ಯೆ. “ಪಾಠ ಇರುತ್ತೆ.”

ನಾನು ಕುರ್ಚಿಯಲ್ಲಿ ಕೂತೆ. ಮುಖ್ಯಸ್ಥೆ ಲೋಟದ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದರು.

ಅಧ್ಯಕ್ಷರು ಮಾತ್ರ ಬಿಡುವ ಪೈಕಿಯಲ್ಲ. “ಪಾಠದ ವಿಷಯ ಮುಗೀತು. ಹಾಳೆ ವಿಷಯ ಮುಗಿದಿಲ್ಲ. ನನ್ನ ಹತ್ರ ಇರೋದು ಆರೇ. ಇದು ಲೆಕ್ಕಕ್ಕಿಲ್ಲ,” ಎಂದು ನನ್ನತ್ತ ಬೆರಳು ತೋರಿಸಿದರು. “ಏನಮ್ಮ, ಏಳು ತರ್ತೀನಿ ಅಂದಿದ್ಯಂತೆ?”

ಫೈಲಿನಿಂದ ಹೊಸ ಹಾಳೆ ತೆಗೆದೆ. ನನ್ನ ಪೆನ್ನನ್ನು ಮೊದಲು ಅಂಗೈ ಮೇಲೆ ಎಳೆದು ನೋಡಿದೆ. ಕಪ್ಪು ಗೆರೆ ಮೂಡಿತು.

“ಶಾಯಿ ಇದೆ ಸರ್,” ಎಂದೆ ಮೇಷ್ಟ್ರಿಗೆ. ಅವರಿಗೆ ಸಮಯಕ್ಕೆ ಸರಿಯಾಗಿ ಹೇಳಿದ ಮೊದಲ ನಿಜ ಅದು.

“ಈಗ ಹೇಳಿದ್ಯಲ್ಲ, ಸದ್ಯ,” ಎಂದರು ಅವರು.

ಹಾಳೆಯನ್ನು ಅವರ ಮುಂದಿಟ್ಟು, ಪೆನ್ನನ್ನು ಕೈಗೆ ಕೊಟ್ಟು, ಮೊದಲ ಸಾಲಿನ ಕೆಳಗೆ ನನ್ನ ಸ್ಕೇಲನ್ನು ಅಡ್ಡ ಇಟ್ಟೆ. ಅವರು ಅದರ ಅಂಚು ಮುಟ್ಟಿ ನೋಡಿ ಬರೆದರು. ಸಾಲು ಮುಗಿದಾಗ ನಾನು ಸ್ಕೇಲನ್ನು ಕೆಳಗೆ ಸರಿಸಿದೆ. ಎರಡನೆಯದನ್ನು ಬರೆದರು. ಮತ್ತೆ ಸರಿಸಿದೆ. ಮೂರನೆಯ ಸಾಲಿಗೆ ಪೆನ್ನು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಏಳೂ ಹಾಳೆಗಳಲ್ಲಿ ಅಷ್ಟು ಕಷ್ಟದ ಸಾಲು ಇನ್ನೊಂದಿರಲಿಲ್ಲ. ಅವರು ಒಂದು ಅಕ್ಷರವನ್ನೂ ಹೊಡೆಯದೆ ಅದನ್ನು ಬರೆದು ಮುಗಿಸಿದರು.

“ಓದು,” ಎಂದರು.

ಓದಿದೆ. ಎಲ್ಲೂ ಎಡವಲಿಲ್ಲ. ಆಮೇಲೆ ಶಾಯಿ ಆರಲೆಂದು ಊದಿ, ಉಳಿದ ಆರರ ಕೆಳಗೆ ಆ ಹಾಳೆಯನ್ನಿಟ್ಟು, ಫೈಲಿನ ದಾರ ಕಟ್ಟಿದೆ.